ಕೂಗುಗಲ್ಲಿನ ಮೇಲೆ ಶೇಂಗಾ ಉಂಡಿ

ನಮ್ಮ ಊರಿನಲ್ಲಿ ನಾಯಿ ಬೊಗಳಿದರೆ ಎದುರುಗುಡ್ಡ ತಿರುಗಿ ಬೊಗಳುತ್ತದೆ. ಕತ್ತೆ ಅರಚಿದರೆ ಅರಚುತ್ತದೆ. ಹಾಲುಗೂಸು ಅತ್ತರೆ, ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತಾದ ಮೇಲೆ, ಗುಡ್ಡದ ಮೈಯಿಂದ ಅದೇ ಅಳು ಹೊರಳಿ ಬರುತ್ತದೆ. ಹಡೆದವಳು ಅದನ್ನು ಕೇಳಿ ಕೂಸು ಗಟ್ಟಿ ಇದೆ ಎಂದು ಸಮಾಧಾನಪಟ್ಟುಕೊಳ್ಳುತ್ತಾಳೆ. ಗಂಡಸರದ್ದಂತೂ ಬಿಡಿ, ಅವರು ಕೆಮ್ಮಿದರೂ ನಾವು ಎರಡು ಸಲ ಕೇಳಬೇಕು. ತಿರುಗಿ ಬರದೇ ಇರುವ ದನಿ ಒಂದೇ. ಹನ್ನೆರಡು ಹದಿಮೂರಕ್ಕೆ ಕಾಲಿಟ್ಟ ಹುಡುಗಿ ಕೂಗಿದರೆ ಗುಡ್ಡ ಸುಮ್ಮನಿರುತ್ತದೆ.

ಅದಕ್ಕೆ ನಮ್ಮಲ್ಲಿ ಗುಡ್ಡ ಮುಚ್ಚುವುದು ಎನ್ನುತ್ತಾರೆ. ಗುಡ್ಡ ಮುಚ್ಚಿದ ದಿನ ಮನೆಯವರು ಓಣಿಗೆಲ್ಲ ಚುರುಮುರಿ ಬೆಲ್ಲ ಹಂಚುತ್ತಾರೆ. ಮಗಳು ದೊಡ್ಡವಳಾದಳು, ಗಂಭೀರಳಾದಳು, ಇನ್ನು ಗಂಡು ನೋಡಬಹುದು ಎಂದು ಅದರ ಅರ್ಥ. ನನ್ನ ಗುಡ್ಡ ಮುಚ್ಚಿದಾಗ ನಮ್ಮಪ್ಪ ಎರಡು ಸೇರು ಚುರುಮುರಿ ಹಂಚಿದ್ದ. ನಾನೂ ಒಂದು ಮುಷ್ಟಿ ಮುಕ್ಕಿ ಖುಷಿಪಟ್ಟಿದ್ದೆ. ಈಗ ನೆನೆಸಿಕೊಂಡರೆ ಆ ಮುಷ್ಟಿಯನ್ನು ಯಾರದಾದರೂ ಮುಖಕ್ಕೆ ಎರಚಬೇಕು ಅನಿಸುತ್ತದೆ. ಯಾರ ಮುಖಕ್ಕೆ ಎನ್ನುವುದು ಮಾತ್ರ ತಿಳಿಯುವುದಿಲ್ಲ.

ಗುಡ್ಡ ತಿರುಗಿ ಹೇಳಿದ್ದೇ ನಮ್ಮೂರಲ್ಲಿ ಮಾತು. ಊರಂಚಿನಲ್ಲಿ ಕೂಗುಗಲ್ಲು ಎಂಬ ಚಪ್ಪಟೆ ಬಂಡೆ ಇದೆ. ಹೊಲದ ಬದು ಎಲ್ಲಿ, ಅಣ್ಣತಮ್ಮಂದಿರ ಪಾಲು ಹೇಗೆ, ಯಾರು ಯಾರಿಗೆ ಏನು ಮಾತು ಕೊಟ್ಟರು ಎನ್ನುವುದನ್ನೆಲ್ಲ ಅದರ ಮೇಲೆ ನಿಂತು ಕೂಗಿ ಹೇಳಬೇಕು. ಗುಡ್ಡ ತಿರುಗಿಸಿತೋ, ಮುಗಿಯಿತು. ಅದನ್ನು ಅಳಿಸುವವರು ಯಾರೂ ಇಲ್ಲ. ಮದುವೆಗೂ ಅದೇ ಕ್ರಮ. ಹುಡುಗಿಯನ್ನು ಕಲ್ಲಿನ ಮೇಲೆ ನಿಲ್ಲಿಸಿ, ಬೇಡವಾದರೆ ಒಲ್ಲೆ ಅನ್ನು, ಮೂರು ಸಲ ಅವಕಾಶ ಉಂಟು ಎನ್ನುತ್ತಾರೆ. ಎಂಥ ನ್ಯಾಯ ನೋಡಿ. ಯಾರೂ ಬಾಯಿ ಕಟ್ಟುವುದಿಲ್ಲ, ಯಾರೂ ಕೈ ಎತ್ತುವುದಿಲ್ಲ, ಬೇಕಾದಷ್ಟು ಜೋರಾಗಿ ಕೂಗಿಕೊಳ್ಳಬಹುದು. ಗುಡ್ಡ ತಿರುಗಿಸದಿದ್ದರೆ ಹುಡುಗಿ ಒಪ್ಪಿದಳು ಎಂದು ಅರ್ಥ. ಹದಿನೆಂಟು ತುಂಬಬೇಕು ಎಂದು ಸರ್ಕಾರ ಶಾಲೆಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿದೆ. ನಮ್ಮೂರು ಗೋಡೆ ಓದುವುದಿಲ್ಲ, ಗುಡ್ಡ ಕೇಳುತ್ತದೆ.

ನಾನು ಆ ಕಲ್ಲು ಹತ್ತಿದ್ದು ಹದಿನಾರಕ್ಕೆ. ಮೂರು ಸಲ ಒಲ್ಲೆ ಎಂದೆ. ಮೂರನೆಯ ಸಲ ಗಂಟಲು ಹರಿದುಹೋಯಿತು ಅನಿಸಿತು. ಅಷ್ಟರಲ್ಲಿ ಕೆಳಗೆಲ್ಲೋ ಒಂದು ಕತ್ತೆ ಅರಚಿತು, ಗುಡ್ಡ ಅದನ್ನು ಮಾತ್ರ ನೀಟಾಗಿ ತಿರುಗಿಸಿತು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು, ನಕ್ಕ ಮೇಲೆ ಅಕ್ಷತೆ ಹಾಕಿದರು. ಗಂಡ ಕೆಟ್ಟವನಾಗಿರಲಿಲ್ಲ. ಸುಣ್ಣದ ಭಟ್ಟಿಯ ಹೊಗೆ ಕುಡಿದು ಕುಡಿದು ಬೇಗ ಹೋದ, ಅವನ ವಿಷಯ ಹೇಳಲು ಹೆಚ್ಚೇನಿಲ್ಲ. ನನ್ನ ಸಿಟ್ಟು ಅವನ ಮೇಲಲ್ಲ, ಆ ನಗುವಿನ ಮೇಲೆ. ಮೂವತ್ತೊಂದು ವರ್ಷವಾಯಿತು, ಇನ್ನೂ ಆರಿಲ್ಲ.

ನನ್ನ ಹೆಸರು ದುಂಡವ್ವ. ಹತ್ತೊಂಬತ್ತು ವರ್ಷದಿಂದ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತೇನೆ. ಸೇರಿದ ಎರಡನೆಯ ವರ್ಷ ಒಂದು ನಾಯಿ ಬೇಳೆಯ ಪಾತ್ರೆಗೆ ಬಾಯಿ ಹಾಕಲು ಬಂತು. "ಹಚಾ, ನಿನ್ನ ಬಾಯಾಗ ಮಣ್ಣು ಹಾಕ" ಎಂದು ಒದರಿದೆ. ಎದುರುಗುಡ್ಡ ಪೂರ್ತಿ ಬೈಗುಳವನ್ನು ಚಾಚೂ ತಪ್ಪದೆ ತಿರುಗಿಸಿತು. ನನ್ನ ಕೈಯಲ್ಲಿನ ಸೌಟು ಕೆಳಗೆ ಬಿತ್ತು. ದುಂಡವ್ವನ ಗುಡ್ಡ ತೆರೆಯಿತು, ವಯಸ್ಸಾಯಿತು ಪಾಪ ಎಂದು ಊರಿನವರು ಅಂದರು. ಸೊಸೆ ಕಂಡ ಹೆಂಗಸರಿಗೆ ಗುಡ್ಡ ಮತ್ತೆ ತೆರೆಯುವುದುಂಟು, ಅದು ಎಲ್ಲರಿಗೂ ಗೊತ್ತು. ಆದರೆ ನನಗಾಗ ಬರೀ ಮೂವತ್ತು, ಸೊಸೆಯ ಮಾತಿರಲಿ, ಮಕ್ಕಳೇ ಇರಲಿಲ್ಲ. ಅದೇಕೆ ಹಾಗೆ ಎಂದು ನಾನೂ ಯೋಚಿಸಲಿಲ್ಲ. ದನಿ ಬಂತಲ್ಲ ಎಂದು ಎರಡು ದಿನ ಸುಮ್ಮಸುಮ್ಮನೆ ನಾಯಿಗೆ ಬೈದೆ, ಅಷ್ಟೇ.

ಯೋಚಿಸಿದವಳು ಕೆಂಚವ್ವ. ಒಂಬತ್ತನೆಯ ಇಯತ್ತೆ, ಹದಿನೈದು ವರ್ಷ, ಭಟ್ಟಿಯಲ್ಲಿ ಕಲ್ಲು ಹೊರುವ ಭರಮಪ್ಪನ ಮಗಳು. ಹೆಸರಿಗೆ ಕೆಂಚವ್ವ, ಮೈಯಲ್ಲಿ ಕೆಂಪು ಹುಡುಕಿದರೂ ಸಿಗುತ್ತಿರಲಿಲ್ಲ. ಉಗುರು ಬಿಳಿ, ತುಟಿ ಬಿಳಿ, ಕಣ್ಣಿನ ಒಳರೆಪ್ಪೆ ಬಿಳಿ. ಶಾಲೆಗೆ ಇರುವುದೇ ಆರು ಮೆಟ್ಟಿಲು, ಅದರಲ್ಲಿ ಮೂರನೆಯದರ ಮೇಲೆ ಕೂತು ಸುಧಾರಿಸಿಕೊಳ್ಳುತ್ತಿದ್ದಳು. ಗೋಡೆಯ ಸುಣ್ಣ ನೆಕ್ಕುತ್ತಿದ್ದಳು. ಅವಳೊಬ್ಬಳೇ ಅಲ್ಲ. ಪ್ರತಿ ವರ್ಷ ಶಾಲೆಗೆ ಸುಣ್ಣ ಬಳಿಯುತ್ತಾರೆ. ಎರಡು ತಿಂಗಳಿಗೆಲ್ಲ ಹುಡುಗಿಯರ ಬಾಯಿ ಮುಟ್ಟುವ ಎತ್ತರದಲ್ಲಿ ಗೋಡೆಯ ಉದ್ದಕ್ಕೂ ಒಂದು ಪಟ್ಟಿ ಬರಿಗಲ್ಲಾಗುತ್ತದೆ. ಹೆಡ್‌ಮಾಸ್ತರರು ಅದಕ್ಕೆ ತೇವದ ಕಾಟ ಎನ್ನುತ್ತಿದ್ದರು.

ಆ ವರ್ಷ ಶಾಲೆ ಶುರುವಾದ ವಾರ ಸರ್ಕಾರಿ ದವಾಖಾನೆಯ ಮೆಹರುನ್ನಿಸಾ ಸಿಸ್ಟರ್ ಹೊಳೆಯಾಚೆಯಿಂದ ಸ್ಕೂಟರಿನ ಮೇಲೆ ಬಂದರು. ದೊಡ್ಡ ಹುಡುಗಿಯರನ್ನೆಲ್ಲ ಸಾಲಾಗಿ ಕೂರಿಸಿ ಬೆರಳು ಚುಚ್ಚಿ ರಕ್ತ ನೋಡಿದರು. ಹನ್ನೆರಡರ ಮೇಲೆ ಇರಬೇಕಾದದ್ದು ಕೆಂಚವ್ವನಿಗೆ ಎಂಟೂವರೆ ಇತ್ತು. "ಇಷ್ಟರ ಮ್ಯಾಲ ಈ ಹುಡುಗಿ ಹ್ಯಾಂಗ ಸಾಲಿಗಿ ನಡಕೊಂಡು ಬರ್ತಾಳವ್ವ" ಎಂದು ನನ್ನನ್ನು ಕೇಳಿದರು, ನಾನೇ ಅವಳ ರಕ್ತ ಕುಡಿದಿರುವ ಹಾಗೆ. ವಾರಕ್ಕೊಂದು ನೀಲಿ ಗುಳಿಗೆ, ಕಬ್ಬಿಣದ ಅಂಶದ್ದು, ಪ್ರತಿ ಸೋಮವಾರ ಎಲ್ಲ ಹುಡುಗಿಯರಿಗೂ ಕೊಡಿ ಎಂದು ಡಬ್ಬಿಗಳನ್ನು ಹೆಡ್‌ಮಾಸ್ತರರಿಗೆ ಒಪ್ಪಿಸಿ ಹೋದರು. ಗುಡ್ಡದ ವಿಷಯ ಅವರಿಗೆ ಯಾರೂ ಹೇಳಲಿಲ್ಲ. ಹೊರಗಿನವರಿಗೆ ನಾವು ಹೇಳುವುದಿಲ್ಲ.

ಹೆಡ್‌ಮಾಸ್ತರರು ಸೋಮವಾರ ಬೆಳಿಗ್ಗೆ ಪ್ರಾರ್ಥನೆ ಮುಗಿದ ಕೂಡಲೇ ಹಂಚತೊಡಗಿದರು. ಚಹಾ ಕುಡಿದು ಬಂದ ಹೊಟ್ಟೆಗಳು, ಕೆಲವು ಅದನ್ನೂ ಕುಡಿಯದವು. ನುಂಗಿದವರು ವಾಂತಿ ಮಾಡಿದರು. ಉಳಿದವರು ಅವರನ್ನು ನೋಡಿ ಬುದ್ಧಿ ಕಲಿತು, ಗುಳಿಗೆಯನ್ನು ದವಡೆಯಲ್ಲಿಟ್ಟುಕೊಂಡು ನೀರಿನ ಟಾಕಿಯ ಹಿಂದೆ ಹೋಗಿ ಉಗುಳಿದರು. ಮಳೆಯಾದಾಗ ಅಲ್ಲಿನ ಮಣ್ಣು ನೀಲಿ ಬಣ್ಣಕ್ಕೆ ತಿರುಗಿತು. ಟಾಕಿಯ ಹಿಂದೆ ಹುಟ್ಟಿದ ಹರಿವೆ ಸೊಪ್ಪು ಮಾತ್ರ ಆ ವರ್ಷ ಮೊಳಕಾಲುದ್ದ ಬಂತು. ಸರ್ಕಾರದ ಗುಳಿಗೆಯನ್ನು ನಮ್ಮೂರಲ್ಲಿ ಮೊದಲು ನಿಯತ್ತಾಗಿ ತಿಂದದ್ದು ಆ ಹರಿವೆ.

ಶ್ರಾವಣದಲ್ಲಿ ಕೆಂಚವ್ವನಿಗೆ ಗಂಡು ಗೊತ್ತಾಯಿತು. ಭಟ್ಟಿಯ ಮಾಲೀಕರ ಅಣ್ಣನ ಮಗ, ಮೂವತ್ತು ದಾಟಿದವನು. ಮಾಲೀಕರೇ ಮನೆಯ ಬಾಗಿಲಿಗೆ ಬಂದು ಹೆಣ್ಣು ಕೇಳಿದರೆಂದು ಭರಮಪ್ಪನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಹುಡುಗಿಯನ್ನು ಕಲ್ಲು ಹತ್ತಿಸುವುದು ಎಂದು ಮಾತಾಯಿತು. ಮರುದಿನ ಊಟದ ಹೊತ್ತು ಮುಗಿದು ನಾನು ಪಾತ್ರೆ ತಿಕ್ಕುವಾಗ ಕೆಂಚವ್ವ ಬಂದು ಅಡುಗೆಮನೆಯ ಹೊಸ್ತಿಲ ಮೇಲೆ ಕೂತಳು.

"ದೊಡ್ಡವ್ವಾ, ನೀವು ಕಲ್ಲಿನ ಮ್ಯಾಲ ಒಲ್ಲೆ ಅಂದಿದ್ರಂತ" ಎಂದಳು.

"ಅಂದಿದ್ದೆ. ಈಗ್ಯಾಕ ಅದು?"

"ಆವಾಗ ನಿಮ್ಮ ದನಿ ಬರಲಿಲ್ಲ. ಈಗ ಬರ್ತೈತಿ. ಯಾವಾಗಿಂದ ಬರ್ತೈತಿ?"

"ಈ ಅಡಿಗಿಗೆ ಸೇರಿದ ಎರಡನೇ ವರ್ಷದಿಂದ" ಎಂದೆ, ತಿಕ್ಕುತ್ತಲೇ.

ಅವಳು ಗಣಿತದಲ್ಲಿ ಚುರುಕು. ಬಾಯಿ ಲೆಕ್ಕ ಮಾಡುವಾಗ ಮಾಡುವ ಹಾಗೆ ಒಂದು ಕಣ್ಣು ಸಣ್ಣದು ಮಾಡಿದಳು. "ನಮ್ಮ ಆಯೀದು ತೆರೆದಿದ್ದು ನಮ್ಮವ್ವ ಸೊಸಿಯಾಗಿ ಬಂದ ವರ್ಷ. ಆಯಿ ಕುಂತು ಬಡಸ್ತಾಳ, ತನಗ ಮೊದಲ ತೆಗೆದಿಟ್ಕೋತಾಳ. ನಮ್ಮವ್ವ ಕಡೀಕ ತಳ ಬಳಕೊಂಡು ಉಣ್ತಾಳ. ಅಕಿಗಿ ಮೂವತ್ನಾಕು, ಇನ್ನಾ ಮುಚ್ಚೇ ಐತಿ. ನಿಮಗ ಮೂವತ್ತಕ್ಕ ತೆರೀತು. ಇದು ವಯಸ್ಸಲ್ಲ ದೊಡ್ಡವ್ವಾ. ಸೌಟು. ಸೌಟು ಯಾರ ಕೈಯಾಗ ಐತಿ, ಅವರ ದನಿ ಬರ್ತೈತಿ."

ನಾನು ತಿಕ್ಕುವುದನ್ನು ನಿಲ್ಲಿಸಿದೆ. ಹತ್ತೊಂಬತ್ತು ವರ್ಷ ಸೌಟು ಹಿಡಿದವಳಿಗೆ ಹೊಳೆಯದ್ದು ಹೊಸ್ತಿಲ ಮೇಲೆ ಕೂತ ಹುಡುಗಿಗೆ ಹೊಳೆದಿತ್ತು. ನಮ್ಮಲ್ಲಿ ಹುಡುಗಿ ಹನ್ನೆರಡರ ತನಕ ಚಿಕ್ಕ ಮಕ್ಕಳ ಪಂಕ್ತಿಯಲ್ಲಿ ಕೂತು ಉಣ್ಣುತ್ತಾಳೆ. ಆಮೇಲೆ ದೊಡ್ಡವಳಾದಳೆಂದು ಕೊನೆಯ ಪಂಕ್ತಿಗೆ ಹಾಕುತ್ತಾರೆ. ಭಟ್ಟಿಯಿಂದ ಬಂದ ಗಂಡಸರು ಉಂಡು, ಗಂಡುಮಕ್ಕಳು ಉಂಡು, ಮುದುಕರು ಉಂಡು, ಆ ಪಂಕ್ತಿಗೆ ಬರುವ ಹೊತ್ತಿಗೆ ಸಾರಿನಲ್ಲಿ ಬೇಳೆ ಇರುವುದಿಲ್ಲ, ಬೇಳೆಯ ನೀರು ಇರುತ್ತದೆ. ಶಾಲೆಯಲ್ಲಿ ನಾನು ಬಡಿಸುವುದೂ ನಮ್ಮೂರಿನ ಕ್ರಮದಂತೆಯೇ, ಹುಡುಗರಿಗೆ ಮೊದಲು, ದೊಡ್ಡ ಹುಡುಗಿಯರಿಗೆ ಕೊನೆಗೆ. ಈ ಕೈಯಿಂದಲೇ ಬಡಿಸಿದ್ದೇನೆ, ಹತ್ತೊಂಬತ್ತು ವರ್ಷ. ಎಷ್ಟು ಹುಡುಗಿಯರ ಗುಡ್ಡ ನನ್ನ ಸೌಟಿನಿಂದ ಮುಚ್ಚಿತೋ ನನಗೆ ಗೊತ್ತಿಲ್ಲ. ಅವರ ಮನೆಯವರು ಹಂಚಿದ ಚುರುಮುರಿಯನ್ನು ನಾನೂ ತಿಂದಿದ್ದೇನೆ.

"ಹಂಗಾದ್ರ ನನಗ ಈಗ ಏನು ಮಾಡಬೇಕಂತಿ?" ಎಂದು ಕೇಳಿದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು.

"ನನಗ ಮೊದಲ ಬಡಸ್ರಿ" ಎಂದಳು. "ಮತ್ತ ಆ ನೀಲಿ ಗುಳಿಗಿ ಉಗುಳದಂಗ ನೋಡ್ಕೋರಿ. ನಾನೂ ಉಗುಳಾಕಿನ."

ಮುಂದಿನ ಸಲ ಸಿಸ್ಟರ್ ಬಂದಾಗ ಟಾಕಿಯ ಹಿಂದಕ್ಕೆ ಕರೆದೊಯ್ದು ನೀಲಿ ಮಣ್ಣು ತೋರಿಸಿದೆ. ಅವರು ಹಣೆ ಬಡಿದುಕೊಂಡರು. ಖಾಲಿ ಹೊಟ್ಟೆಗೆ ಯಾಕೆ ಕೊಡುತ್ತೀರಿ, ಊಟವಾದ ಮೇಲೆ ಕೊಡಿ, ಮೇಲೆ ನಿಂಬೆಹಣ್ಣು ಹಿಂಡಿದ ನೀರು ಕುಡಿಸಿ, ಆ ಹೊತ್ತಿಗೆ ಚಹಾ ಮುಟ್ಟಬಾರದು, ಮಲ ಕಪ್ಪಗಾಗುತ್ತದೆ, ಅದಕ್ಕೆ ಹೆದರಬಾರದು ಎಂದೆಲ್ಲ ಹೇಳಿದರು. ಕೆಂಚವ್ವನ ರಕ್ತ ಬಹಳ ಕಡಿಮೆ ಎಂದು ಅವಳಿಗೆ ದಿನಕ್ಕೊಂದರಂತೆ ಬೇರೆಯೇ ಪಟ್ಟಿ ಬರೆದುಕೊಟ್ಟರು. "ಕನಿಷ್ಠ ಮೂರು ತಿಂಗಳು ಬೇಕವ್ವ. ಗುಳಿಗಿ ಅಷ್ಟ ಅಲ್ಲ, ಊಟಾನೂ ಬೇಕು" ಎಂದರು. ನಾನು ಬೆರಳು ಮಡಚಿ ನೋಡಿದೆ. ಸಂಕ್ರಾಂತಿಗೆ ಐದು ತಿಂಗಳಿತ್ತು.

ಮರುದಿನದಿಂದ ದೊಡ್ಡ ಹುಡುಗಿಯರ ಪಂಕ್ತಿ ಮೊದಲಿಗೆ ಬಂತು. ಹುಡುಗರು ತಾಟು ಬಡಿದರು, ನಾನು ಸೌಟು ತೋರಿಸಿದೆ, ಸುಮ್ಮನಾದರು. ತಳದ ಬೇಳೆ ಕಲಕಿ ಬಡಿಸಿದೆ, ಮೊಟ್ಟೆಯ ದಿನ ಮೊಟ್ಟೆ ಕೊಟ್ಟು ಎದುರಿಗೇ ತಿನ್ನಿಸಿದೆ, ಇಲ್ಲದಿದ್ದರೆ ತಮ್ಮನಿಗೆಂದು ಜೇಬಿಗಿಳಿಸುತ್ತಾರೆ. ಊಟ ಮುಗಿದ ಮೇಲೆ ಗುಳಿಗೆ, ಗುಳಿಗೆಯ ಮೇಲೆ ನಿಂಬೆ ನೀರು, ನೀರಿನ ಮೇಲೆ ನನ್ನ ತಪಾಸಣೆ. "ನಾಲಿಗಿ ಎತ್ತು" ಎನ್ನುತ್ತಿದ್ದೆ. ಎತ್ತುತ್ತಿದ್ದರು. ಬಲ ದವಡೆ, ಎಡ ದವಡೆ, ನಾಲಿಗೆಯ ಕೆಳಗೆ, ಎಲ್ಲ ನೋಡಿ ಆಮೇಲೆ ಬಿಡುತ್ತಿದ್ದೆ. ನಾಲ್ಕು ವಾರಕ್ಕೆ ಕೆಂಚವ್ವ ಮೂರನೆಯ ಮೆಟ್ಟಿಲ ಮೇಲೆ ಕೂರುವುದನ್ನು ಬಿಟ್ಟಳು. ಗೋಡೆಯ ಸುಣ್ಣ ಗೋಡೆಯ ಮೇಲೇ ಉಳಿಯಿತು. ತೇವ ಕಡಿಮೆಯಾಯಿತಲ್ಲ ಎಂದು ಹೆಡ್‌ಮಾಸ್ತರರು ಖುಷಿಪಟ್ಟರು.

ದನಿ ಬರುತ್ತದೆಯೋ ಇಲ್ಲವೋ ಎಂದು ಮಾತ್ರ ಪರೀಕ್ಷೆ ಮಾಡುವಂತಿರಲಿಲ್ಲ. ಎಲ್ಲಿ ನಿಂತು ಕೂಗಿದರೂ ಗುಡ್ಡ ತಿರುಗಿಸಿದ್ದು ಊರಿಗೆಲ್ಲ ಕೇಳುತ್ತದೆ. ಕೇಳಿದರೆ ಅದಕ್ಕೊಂದು ಉಪಾಯ ಹುಡುಕಲು ಅವರಿಗೆ ಹೊತ್ತು ಸಿಗುತ್ತದೆ. ಅದಕ್ಕೇ ಕೆಂಚವ್ವ ಆ ತಿಂಗಳುಗಳಲ್ಲಿ ಪಿಸುಮಾತಿನಲ್ಲೇ ಬದುಕಿದಳು. ಪದ್ಯ ಹೇಳು ಎಂದರೆ ಗಂಟಲು ನೋವು ಎಂದಳು. ಉಳಿದ ಹುಡುಗಿಯರಿಗೂ ತಾಕೀತು ಮಾಡಿದಳು. ಹನ್ನೊಂದು ಹುಡುಗಿಯರು ಬಾಯಿ ಬಿಗಿಹಿಡಿದು ಓಡಾಡುವುದನ್ನು ನೋಡಿ ಊರಿನ ಹಿರಿಯರು, ಗುಣವಂತರಾದರು ಹುಡುಗಿಯರು ಎಂದು ಮೆಚ್ಚಿಕೊಂಡರು.

ಆದರೆ ಕಪ್ಪು ಮಲದ ಸುದ್ದಿ ಎಷ್ಟು ದಿನ ಮುಚ್ಚಿಡಲಾಗುತ್ತದೆ. ಒಂದು ದಿನ ಕೆಂಚವ್ವನ ಅವ್ವ ಸಿದ್ದವ್ವ ಅಡುಗೆಮನೆಗೆ ನುಗ್ಗಿ ಬಂದಳು. ಸೊರಗಿದ ಹೆಂಗಸು, ಬಾಗಿಲಿನ ಚೌಕಟ್ಟು ಹಿಡಿದುಕೊಂಡೇ ಜಗಳ ಶುರುಮಾಡಿದಳು. "ನನ್ನ ಮಗಳ ಹೊಟ್ಟ್ಯಾಗ ಏನ ಹಾಕಾಕತ್ತೀಯಕ್ಕಾ? ಒಳಗೆಲ್ಲಾ ಕರ್ರಗಾಗೈತಂತ. ನಾಳೆ ಅಕಿ ಹಡೀಲಿಲ್ಲಂದ್ರ ಯಾರ ನೋಡ್ತಾರ ಅಕಿನ್ನ?" ಇಷ್ಟು ಹೇಳುವುದರಲ್ಲಿ ಅವಳಿಗೆ ಏದುಸಿರು ಬಂತು. ನಾನು ಒಂದು ತಾಟಿಗೆ ಬಿಸಿ ಅನ್ನ, ತಳದ ಬೇಳೆ ಹಾಕಿ ಅವಳ ಮುಂದಿಟ್ಟು, "ಬೈಯಾಕ ಶಕ್ತಿ ಬೇಕಲ್ಲ, ಉಂಡು ಬೈ" ಎಂದೆ. ನಿಂತಿದ್ದವಳು ಕೂತಳು. ಮೊದಲ ತುತ್ತಿಗೆ, ಹೊಗೆಯಾಡುತ್ತಿದ್ದ ಅನ್ನವನ್ನು ಬಾಯಲ್ಲಿಟ್ಟುಕೊಂಡು ಹಾಗೇ ಸ್ವಲ್ಪ ಹೊತ್ತು ಇದ್ದಳು. "ಎಷ್ಟ ಬಿಸಿ ಐತಿ" ಎಂದಳು. ಪೂರ್ತಿ ಉಂಡು, ತಾಟು ತೊಳೆದಿಟ್ಟು, ಬೈಯದೆ ಹೋದಳು.

ಈರಗೊಂಡಜ್ಜ ಮಾತ್ರ ಹಾಗೆ ಹೋಗುವವನಲ್ಲ. ಕೂಗುಗಲ್ಲಿನ ಯಜಮಾನಿಕೆ ಅವನ ಮನೆತನದ್ದು. ಯಾರು ಹತ್ತಬೇಕು, ಯಾವಾಗ ಹತ್ತಬೇಕು, ಗುಡ್ಡ ತಿರುಗಿಸಿದ್ದು ಹೌದೋ ಅಲ್ಲವೋ ಎಂದು ಹೇಳುವವನು ಅವನೇ. ಶಾಲೆಗೆ ಬಂದು ಹೆಡ್‌ಮಾಸ್ತರರ ಕುರ್ಚಿಯಲ್ಲಿ ಕೂತು, ಗುಳಿಗೆ ಇವತ್ತಿಗೆ ಬಂದ್ ಎಂದ. ಹೆಡ್‌ಮಾಸ್ತರರು ಡಬ್ಬಿಗಳನ್ನೆಲ್ಲ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಮರುದಿನ ನಾನು ಒಲೆ ಹಚ್ಚಲಿಲ್ಲ. ಊಟದ ಗಂಟೆ ಹೊಡೆಯಿತು, ಇನ್ನೂರು ಮಕ್ಕಳು ತಾಟು ಹಿಡಿದು ಬಂದು ನಿಂತವು. ನಾನು ಕಟ್ಟೆಯ ಮೇಲೆ ಎಲೆ ಅಡಿಕೆ ಮೆಲ್ಲುತ್ತ ಕೂತಿದ್ದೆ. "ಅಡಿಗಿ ಎಲ್ಲಿ ದುಂಡವ್ವ?" ಎಂದು ಹೆಡ್‌ಮಾಸ್ತರರು ಓಡಿ ಬಂದರು. "ಕಪಾಟಿನ್ಯಾಗ ಐತ್ರಿ, ಬೀಗ ತೆಗೀರಿ, ಬಡಸ್ತೀನಿ" ಎಂದೆ. ಮನೆಮನೆಗೆ ಹಸಿದ ಗಂಡುಮಕ್ಕಳು ಹೋಗಿ ಅತ್ತವು. ನಮ್ಮೂರಲ್ಲಿ ಗಂಡುಮಕ್ಕಳು ಹಸಿದು ಅತ್ತರೆ ಗುಡ್ಡ ಎಷ್ಟು ಚೆನ್ನಾಗಿ ತಿರುಗಿಸುತ್ತದೆ ಎಂದರೆ, ಸಂಜೆಯ ತನಕ ಒಬ್ಬರ ಮಾತು ಒಬ್ಬರಿಗೆ ಕೇಳಿಸಲಿಲ್ಲ. ಕತ್ತಲಾಗುವ ಮುಂಚೆ ಕೀಲಿಕೈ ನನ್ನ ಮನೆಗೆ ಬಂತು.

ಈರಗೊಂಡಜ್ಜ ದಡ್ಡನಲ್ಲ, ಗುಳಿಗೆಗೂ ಗುಡ್ಡಕ್ಕೂ ಏನೋ ನಂಟಿದೆ ಎಂದು ಅವನಿಗೆ ವಾಸನೆ ಹತ್ತಿತ್ತು. ಗುಳಿಗೆ ನಿಲ್ಲಿಸಲಾಗದಿದ್ದರೆ ಕಲ್ಲು ಹತ್ತುವ ದಿನವನ್ನೇ ಬೇಗ ತರಬಹುದಲ್ಲ. ಸಂಕ್ರಾಂತಿಯ ತನಕ ಕಾಯುವುದು ಬೇಡ, ದೀಪಾವಳಿ ಮುಗಿದ ಮೂರನೆಯ ದಿನ ಹುಡುಗಿಯನ್ನು ಕಲ್ಲು ಹತ್ತಿಸಿ ಎಂದ. ಅಲ್ಲಿಗೆ ಕೆಂಚವ್ವ ದಿನದ ಗುಳಿಗೆ ನುಂಗಲು ಶುರುಮಾಡಿ ಹನ್ನೊಂದು ವಾರವಾಗುತ್ತಿತ್ತು. ಸಿಸ್ಟರ್ ಕನಿಷ್ಠ ಮೂರು ತಿಂಗಳು ಎಂದಿದ್ದರು. ಮೇಲಿಂದ ಇನ್ನೊಂದು ಕ್ರಮವೂ ಇದೆ: ಕಲ್ಲು ಹತ್ತುವ ಹುಡುಗಿ ಹಿಂದಿನ ದಿನ ಬೆಳಗಿನಿಂದ ಉಪವಾಸ ಇರಬೇಕು, ಮಡಿಗೆಂದು. ನಾನೂ ಇದ್ದೆ. ಆಗ ಅದು ದೇವರ ಕೆಲಸ ಅನಿಸಿತ್ತು; ಈಗ ಅದನ್ನು ಮಾಡಿದವನ ಬುದ್ಧಿ ಎಂಥದ್ದು ಎಂದು ತಿಳಿಯಿತು. ಕೆಂಚವ್ವನನ್ನು ಮನೆಯಲ್ಲಿ ಕೂರಿಸಿ, ನನ್ನನ್ನು ಬಾಗಿಲಿನ ಹತ್ತಿರಕ್ಕೂ ಬಿಡಲಿಲ್ಲ.

ಆ ದಿನ ಬೆಳಿಗ್ಗೆ ಇಡೀ ಊರು ಕೂಗುಗಲ್ಲಿನ ಸುತ್ತ ಸೇರಿತ್ತು. ಭಟ್ಟಿಯ ಮಾಲೀಕರು, ಹೊಸ ಪಟಗ ಸುತ್ತಿದ ಗಂಡು, ಎದೆ ಉಬ್ಬಿಸಿ ನಿಂತ ಭರಮಪ್ಪ, ಅವನ ಹಿಂದೆ ನೆಲ ನೋಡುತ್ತ ಸಿದ್ದವ್ವ. ನನ್ನ ಉಳಿದ ಹತ್ತು ಹುಡುಗಿಯರು ಒಂದು ಕಡೆ ಗುಂಪಾಗಿ, ತುಟಿ ಬಿಗಿದುಕೊಂಡು ನಿಂತಿದ್ದರು. ಕೆಂಚವ್ವ ಹಸಿರು ಸೀರೆಯುಟ್ಟು ಕಲ್ಲು ಹತ್ತಿದಳು. ಒಂದು ಹಗಲು ಒಂದು ರಾತ್ರಿಯ ಉಪವಾಸದಿಂದ ಮುಖ ಬಾಡಿತ್ತು. ನಾನೇ ಗುಳಿಗೆ ನುಂಗಿಸಿದೆನಲ್ಲ, ನಾನೇ ಆಸೆ ಬೆಳೆಸಿದೆನಲ್ಲ, ಇವಳ ಪಾಲಿಗೂ ಕತ್ತೆ ಅರಚಿದರೆ ಏನು ಮಾಡಲಿ ಎಂದು ಸುತ್ತ ಕಣ್ಣಾಡಿಸಿದೆ.

"ಬ್ಯಾಡಾದ್ರ ಒಲ್ಲೆ ಅನ್ನವ್ವ. ಮೂರು ಸಲ" ಎಂದ ಈರಗೊಂಡಜ್ಜ, ನೂರು ಹುಡುಗಿಯರಿಗೆ ಹೇಳಿ ಸವೆದ ದನಿಯಲ್ಲಿ.

"ಒಲ್ಲೆ" ಎಂದು ಕೂಗಿದಳು ಕೆಂಚವ್ವ. ತಿಂಗಳುಗಟ್ಟಲೆ ಪಿಸುಗುಟ್ಟಿದ ಗಂಟಲು, ಸ್ವಲ್ಪ ಒಡೆಯಿತು. ನಾವು ಒಂದು ಉಸಿರು ಎಳೆದು ಬಿಟ್ಟೆವು. ಗುಡ್ಡ ಸುಮ್ಮನಿತ್ತು. ಮಾಲೀಕರು ಪಟಗ ಸರಿಮಾಡಿಕೊಂಡರು.

"ಒಲ್ಲೆ" ಎಂದು ಎರಡನೆಯ ಸಲ ಕೂಗಿದಳು. ಉಸಿರು ಎಳೆದೆವು, ಬಿಟ್ಟೆವು. ಗುಡ್ಡದ ಕಡೆಯಿಂದ ಏನೋ ಒಂದು ಚೂರು ಬಂತು, ಮಾತಿನ ಬಾಲದಷ್ಟು. "ಗಾಳಿ" ಎಂದ ಈರಗೊಂಡಜ್ಜ ತಕ್ಷಣ. "ಇನ್ನೊಂದ ಸಲ ಐತಿ, ಮುಗಸವ್ವ."

ಕೆಂಚವ್ವ ಕೂಗಲಿಲ್ಲ. ಕಲ್ಲಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಸೆರಗಿನ ತುದಿಯ ಗಂಟು ಬಿಚ್ಚಿ, ನಿಂಬೆಹಣ್ಣಿಗಿಂತ ದೊಡ್ಡದಾದ ಎರಡು ಶೇಂಗಾ ಉಂಡಿ ತೆಗೆದಳು. ಒಂದನ್ನು ಕಚ್ಚಿದಳು. ಅಗಿಯತೊಡಗಿದಳು.

ಆ ಕಲ್ಲಿನ ಮೇಲೆ ಯಾರೂ ಏನೂ ತಿಂದದ್ದನ್ನು ನಮ್ಮೂರು ಕಂಡಿರಲಿಲ್ಲ. "ಏ, ಏನ ಮಾಡಾಕತ್ತಿ?" ಎಂದು ಈರಗೊಂಡಜ್ಜ ಕೋಲು ಎತ್ತಿದ. ಕೆಂಚವ್ವ ಬಾಯಲ್ಲಿದ್ದುದನ್ನು ಸಾವಕಾಶ ನುಂಗಿ, "ಹತ್ತೂತನಕ ಉಪಾಸ ಇರಬೇಕಂದ್ರಿ, ಇದ್ದೆ. ಹತ್ತಿದ ಮ್ಯಾಲ ತಿನಬಾರದಂತ ಯಾರಾರ ಕೂಗಿ ಹೇಳ್ಯಾರೇನ್ರಿ? ಗುಡ್ಡ ತಿರುಗಿಸಿದ್ದು ಯಾರಿಗರ ನೆನಪೈತೇನ್ರಿ?" ಎಂದು ಕೇಳಿದಳು. ಯಾರಿಗೂ ನೆನಪಿರಲಿಲ್ಲ, ಯಾರೂ ಹಾಗೆ ಕೂಗಿರಲಿಲ್ಲ. ಅವಳು ಎರಡನೆಯ ಉಂಡಿಗೆ ಕೈಹಾಕಿದಳು. ಇಡೀ ಊರು, ಮಾಲೀಕರು, ಮದುಮಗ, ಹಿರಿಯರು, ಎಲ್ಲರೂ ಹದಿನೈದು ವರ್ಷದ ಹುಡುಗಿಯೊಬ್ಬಳ ಊಟ ಮುಗಿಯಲೆಂದು ಕಾದು ನಿಂತರು. ನಮ್ಮೂರಿನಲ್ಲಿ ಹಾಗೆ ಆದದ್ದು ಅದೇ ಮೊದಲು. ಅವಳು ಬೆರಳಿಗಂಟಿದ ಬೆಲ್ಲವನ್ನೂ ಬಿಡಲಿಲ್ಲ.

ಉಂಡಿ ನಾನು ಕೊಟ್ಟದ್ದಲ್ಲ. ಮೊಟ್ಟೆ ತಿನ್ನದ ಮಕ್ಕಳಿಗೆ ನಾನು ಕಟ್ಟುವುದು ಸಣ್ಣ ಉಂಡಿ, ಶಾಲೆಯ ಅಳತೆಯದ್ದು. ಇದು ಮನೆಯ ಉಂಡಿ, ಒರಟಾಗಿ ಕುಟ್ಟಿದ ಶೇಂಗಾ. ಸಿದ್ದವ್ವನ ಕಡೆ ತಿರುಗಿ ನೋಡಿದೆ. ಅವಳು ಇನ್ನೂ ನೆಲ ನೋಡುತ್ತಿದ್ದಳು, ಆದರೆ ಅವಳ ದವಡೆ ಮಗಳ ದವಡೆಯ ಜೊತೆ ಸಣ್ಣಗೆ ಆಡುತ್ತಿತ್ತು.

ಕೆಂಚವ್ವ ಎದ್ದು ಸೀರೆ ಕೊಡವಿಕೊಂಡಳು. ಕಾಲು ಅಗಲಿಸಿ ಗಟ್ಟಿಯಾಗಿ ನಿಂತು, "ಒಲ್ಲೆ" ಎಂದಳು.

ಉಸಿರು ಎಳೆದೆ. ಬಿಡುವ ಮೊದಲೇ ಗುಡ್ಡ ಮಾತಾಡಿತು. ಒಲ್ಲೆ ಎಂದಿತು. ಚೂರಲ್ಲ, ಬಾಲವಲ್ಲ, ಪೂರ್ತಿ ಮಾತು, ಆ ಹುಡುಗಿಯ ದನಿಯಲ್ಲೇ, ಭಟ್ಟಿಯ ಗೋಡೆಗೆ ಬಡಿದು ಶಾಲೆಯ ಮಾಡಿಗೆ ಬಡಿದು ನನ್ನ ಎದೆಯೊಳಗೆ ಬಂದು ಕೂತಿತು. ನನ್ನ ಕಣ್ಣಿಂದ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ. ಹದಿನಾರರಲ್ಲಿ ನಾನು ಕೂಗಿದ್ದಕ್ಕೆ ಆವತ್ತು ಉತ್ತರ ಬಂತು ಅನಿಸಿತು.

"ಇದು ಹುಡುಗೀ ದನಿ ಅಲ್ಲ. ಗುಳಿಗೀ ದನಿ" ಎಂದ ಈರಗೊಂಡಜ್ಜ. ಮುಖ ಸುಣ್ಣದಂತಾಗಿತ್ತು. "ಇದು ನಡೆಯಂಗಿಲ್ಲ."

ಕೆಂಚವ್ವ ಅವನತ್ತ ತಿರುಗಲಿಲ್ಲ, ಗುಡ್ಡದತ್ತಲೇ ನಿಂತು ಕೂಗಿ ಕೇಳಿದಳು. "ಹಂಗಾದ್ರ ನಿಮ್ಮ ದನಿ ಯಾರದಜ್ಜಾ? ರೊಟ್ಟೀದೋ, ಹಾಲಿಂದೋ?"

ಗುಡ್ಡ ಅದನ್ನೂ ತಿರುಗಿಸಿತು. ರೊಟ್ಟೀದೋ, ಹಾಲಿಂದೋ ಎಂದು ಊರಿಗೆಲ್ಲ ಕೇಳಿತು. ಎಲ್ಲೋ ಹಿಂದಿನಿಂದ ಒಬ್ಬ ಮುದುಕಿ ಕಿಸಕ್ಕೆಂದಳು, ಆಮೇಲೆ ಇನ್ನೊಬ್ಬಳು, ಆಮೇಲೆ ಭಟ್ಟಿಯ ಗಂಡಸರೂ ನಕ್ಕರು. ಆ ಕಲ್ಲಿನ ಕೆಳಗಿನ ನಗು ಮೂವತ್ತೊಂದು ವರ್ಷದ ಮೇಲೆ ಮೊದಲ ಸಲ ನನ್ನ ಕಿವಿಗೆ ಹಿತವಾಯಿತು. ಗುಡ್ಡ ಹೇಳಿದ ಮೇಲೆ ಅಳಿಸುವವರಿಲ್ಲ, ಆ ಕ್ರಮವನ್ನು ಮಾಡಿದವರು ಈರಗೊಂಡಜ್ಜನ ಹಿರಿಯರೇ. ಮಾಲೀಕರು ಚಪ್ಪಲಿ ಮೆಟ್ಟಿಕೊಂಡು ನಡೆದರು, ಗಂಡು ಅವರ ಹಿಂದೆ ಹೋದ. ಭರಮಪ್ಪ ಎಲ್ಲಿ ನೋಡಬೇಕು ಎಂದು ತಿಳಿಯದೆ ತನ್ನ ಅಂಗೈ ನೋಡಿಕೊಳ್ಳುತ್ತ ನಿಂತ.

ಜನ ಚದುರಬೇಕು, ಅಷ್ಟರಲ್ಲಿ ಸಿದ್ದವ್ವ ಕಲ್ಲಿನ ಕಡೆ ಬಂದಳು. ಮಗಳು ಕೈ ಕೊಟ್ಟಳು, ಹತ್ತಿದಳು. ಹತ್ತಿ ಏದುಸಿರು ಬಿಡುತ್ತ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಗುಡ್ಡಕ್ಕೆ ಮುಖಮಾಡಿ ಕೂಗಿದಳು. "ಇನ್ನ ಮ್ಯಾಲ ನಮ್ಮನ್ಯಾಗ ಹೆಣ್ಣಮಕ್ಕಳೂ ಮೊದಲನೇ ಪಂಕ್ತ್ಯಾಗ ಉಣ್ತೀವಿ."

ಎಲ್ಲರೂ ಕಾದೆವು. ಒಂದು ಉಸಿರು, ಎರಡು, ಮೂರು. ಗುಡ್ಡ ಸುಮ್ಮನಿತ್ತು. "ನೋಡ್ರಿ, ಗುಡ್ಡ ಒಪ್ಪಲಿಲ್ಲ" ಎಂದ ಈರಗೊಂಡಜ್ಜ, ಹೋದ ಜೀವ ಬಂದವನಂತೆ.

ಸಿದ್ದವ್ವ ಅವನನ್ನು ನೋಡಲೇ ಇಲ್ಲ. ಕಲ್ಲಿನಿಂದ ಇಳಿದು, ಜನರ ನಡುವೆ ದಾರಿ ಮಾಡಿಕೊಂಡು ನೇರ ನನ್ನ ಹತ್ತಿರ ಬಂದು ಅಂಗೈ ಚಾಚಿದಳು. "ಯಕ್ಕಾ, ಎಷ್ಟು ತಿಂಗಳು ನುಂಗಬೇಕು?"

"ಮೂರು. ಊಟಾನೂ ಬೇಕು" ಎಂದೆ.

"ಹಂಗಾದ್ರ ಮೂರು ತಿಂಗಳಿಗೆ ಮತ್ತ ಈ ಕಲ್ಲ ಏರ್ತೀನಿ" ಎಂದು, ಈರಗೊಂಡಜ್ಜನಿಗೆ ಕೇಳುವಂತೆಯೇ ಹೇಳಿದಳು.

ಸೋಮವಾರ ಸಿಸ್ಟರ್ ಬಂದು ಅವಳ ಬೆರಳು ಚುಚ್ಚಿ ನೋಡಿದರು. ಮೊದಲು ಮಗಳಿಗೆ ಇದ್ದುದಕ್ಕಿಂತ ಕಡಿಮೆ ಇತ್ತು. ಅವಳಿಗೂ ಒಂದು ಪಟ್ಟಿ ಬರೆದರು. ಊಟದ ಗಂಟೆ ಹೊಡೆದಾಗ ಸಿದ್ದವ್ವ ನನ್ನ ಹನ್ನೊಂದು ಹುಡುಗಿಯರ ಪಂಕ್ತಿಯಲ್ಲಿ, ಮಗಳ ಪಕ್ಕಕ್ಕೆ ಕೂತಳು. ತಳದ ತನಕ ಕಲಕಿ ಬಡಿಸಿದೆ. ಉಂಡಳು, ಗುಳಿಗೆ ಬಾಯಿಗೆ ಹಾಕಿಕೊಂಡು ನಿಂಬೆ ನೀರು ಕುಡಿದಳು. ಏಳಲು ಹೋದವಳ ಹೆಗಲ ಮೇಲೆ ಕೈಯಿಟ್ಟು ಕೂರಿಸಿದೆ.

"ನಾಲಿಗಿ ಎತ್ತು" ಎಂದೆ.

ಎತ್ತಿದಳು. ಕೆಳಗೆ ಏನೂ ಇರಲಿಲ್ಲ.